ಹೆದರಿಸದ ದೆವ್ವದ ಮನೆ

ಒತ್ತಾಯ ಮಾಡಿ 'ಅನ್‌ವೆಲ್' ಕೇಳಿಸಿದ ನಾಲ್ವರಲ್ಲಿ ಮೂವರು ನನಗೆ ಬೈದಿದ್ದಾರೆ. "ದೆವ್ವ ಯಾವಾಗ ಬರುತ್ತೋ ಮಾರಾಯ? ಮೂರು ಕಂತು ಮುಗೀತು, ಇನ್ನೂ ಅಮ್ಮ ಮಗಳು ಜಗಳಾಡ್ತಾನೇ ಇದ್ದಾರೆ" ಎಂದು ಆಫೀಸಿನ ಗೆಳೆಯ ಕೈಬಿಟ್ಟ. ಇನ್ನೊಬ್ಬರಿಗೆ ನಿದ್ದೆ ಬಂತಂತೆ. ಮೂರನೆಯವರಿಗೆ ಯಾರ ದನಿ ಯಾರದೆಂದೇ ಗೊತ್ತಾಗಲಿಲ್ಲ.

ಈ ಕೊನೆಯ ದೂರು ನ್ಯಾಯವಾದದ್ದೇ. ಆಕಾಶವಾಣಿಯ ನಾಟಕ ಕೇಳಿ ಬೆಳೆದ ನಮಗೆ ಮೊದಲೇ ಪಾತ್ರಧಾರಿಗಳ ಹೆಸರು ಓದಿಬಿಟ್ಟರೆ ನೆಮ್ಮದಿ. ಇಲ್ಲಿ ಅಮೆರಿಕದ ಅಪರಿಚಿತ ಉಚ್ಚಾರ, ಒಂದೇ ಮನೆಯಲ್ಲಿ ಇಷ್ಟೊಂದು ಜನ. ಎರಡು ಕಂತು ತಡಕಾಡಬೇಕಾಗುತ್ತದೆ.

ಶಿಕಾಗೋದ ಹಾರ್ಟ್‌ಲೈಫ್ ತಂಡ 2019ರಲ್ಲಿ ಶುರು ಮಾಡಿದ ಧಾರಾವಾಹಿ ಇದು. ಲಿಲಿ ಹಾರ್ಪರ್‌ಗೆ ತಾಯಿಯ ಜೊತೆ ಅಷ್ಟಕ್ಕಷ್ಟೆ. ಆದರೂ ಗಾಯಗೊಂಡ ತಾಯಿ ಡಾಟ್‌ಳನ್ನು ನೋಡಿಕೊಳ್ಳಲು ಒಹಾಯೋ ರಾಜ್ಯದ ಮೌಂಟ್ ಆಬ್ಸಲಮ್ ಎಂಬ ಕಲ್ಪಿತ ಪುಟ್ಟ ಊರಿಗೆ ಬರುತ್ತಾಳೆ. ತಲೆಮಾರುಗಳಿಂದ ಅವರ ಮನೆತನ ನಡೆಸಿಕೊಂಡು ಬಂದ ವಸತಿಗೃಹ, ಅದರಲ್ಲಿ ವಿಚಿತ್ರ ಬಾಡಿಗೆದಾರರು, ಊರಿನವರು ಮುಚ್ಚಿಟ್ಟ ಏನೋ ಒಂದು ಸಂಗತಿ. ದೆವ್ವವೂ ಇದೆ. ಎಲ್ಲಿ, ಯಾರು ಎಂದು ಹೇಳಿ ಕೆಡಿಸುವುದಿಲ್ಲ.

1764ರಲ್ಲಿ ಹೊರೇಸ್ ವಾಲ್‌ಪೋಲ್ ಬರೆದ ಕೋಟೆಯ ಕಥೆಯಿಂದ ಹಿಡಿದು ಗೋಥಿಕ್ ಕಥೆಗಳಲ್ಲಿ ಮನೆಯನ್ನು ಕಂಡರೆ ಹೆದರಿಕೆ. ಒಳಗೆ ಹೋದ ಹೆಣ್ಣುಮಗಳು ತಪ್ಪಿಸಿಕೊಂಡು ಬಂದರೆ ಸಾಕು ಅನ್ನಿಸುತ್ತದೆ. ಇಲ್ಲಿ ಹಾಗಲ್ಲ, ಮನೆಯೇ ಆಸರೆ. ಭಯ ಇರುವುದು ಡಾಟ್‌ಳ ಮಾತಿನಲ್ಲಿ. ಅವಳ ನೆನಪು ಜಾರುತ್ತಿದೆ. ಮನೆಯಲ್ಲಿ ಯಾರೋ ಇದ್ದಾರೆ ಎಂದು ಅವಳು ಹೇಳಿದರೆ ಅದು ದೆವ್ವವೋ, ಕಾಯಿಲೆಯೋ? ಸಿನಿಮಾ ಆಗಿದ್ದರೆ ಕ್ಯಾಮೆರಾ ತಿರುಗಿಸಿ ತೋರಿಸಿಬಿಡುತ್ತಿತ್ತು. ಕೇಳುಗರಿಗೆ ಆ ಅನುಕೂಲವಿಲ್ಲ. ಲಿಲಿಯ ಹಾಗೆ ನಾವೂ ದನಿಯೊಂದನ್ನೇ ನಂಬಬೇಕು. ನಿಧಾನ ಎಂದು ಬೈಸಿಕೊಳ್ಳುವ ಆ ಅಡುಗೆಮನೆ ಮಾತುಕತೆ ಇಲ್ಲದಿದ್ದರೆ ಯಾವ ಪದ ತಪ್ಪಿತು, ಯಾವ ಪ್ರಶ್ನೆ ಮತ್ತೆ ಬಂತು ಎಂಬುದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಊರಿನ ಒಳಸಂಚಿನ ಎಳೆಗಳು ಹೆಚ್ಚಾದಾಗ ನನಗೂ ಬೇಸರವಾದದ್ದುಂಟು, ಡಾಟ್ ಎಲ್ಲಿ ಹೋದಳು ಎಂದು. ಆದರೆ ಹೆದರಿಕೆಯಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ನಾಲ್ಕನೆಯವರು ಚೆನ್ನೈಯಲ್ಲಿರುವ ನಮ್ಮ ಅತ್ತಿಗೆ. ಮರೆವಿನ ಕಾಯಿಲೆಯ ಅತ್ತೆಯನ್ನು ಆರು ವರ್ಷ ನೋಡಿಕೊಂಡವರು. ಎರಡನೇ ಕಂತಿಗೇ ನಿಲ್ಲಿಸಿದರು. "ಚೆನ್ನಾಗಿದೆ, ಆದರೆ ರಾತ್ರಿ ಒಬ್ಬಳೇ ಕೇಳೋಕಾಗಲ್ಲ" ಎಂದರು.

ನಾನು ಪುಣೆಯಲ್ಲಿ, ಅಮ್ಮ ಸಾಗರದಲ್ಲಿ. ದಿನಾ ರಾತ್ರಿ ಒಂಬತ್ತಕ್ಕೆ ಫೋನು. ವಿಡಿಯೋ ಅವಳಿಗೆ ಒಗ್ಗುವುದಿಲ್ಲ, ಹಾಗಾಗಿ ಬರೀ ದನಿ. ಕಳೆದ ತಿಂಗಳು "ಊಟ ಆಯ್ತೇನೋ, ಎಂತ ಅಡಿಗೆ?" ಎಂದು ಕೇಳಿದಳು. ತೊಂಡೆಕಾಯಿ ಪಲ್ಯ ಎಂದೆ. ಅಡಿಕೆ ರೇಟು, ಮಳೆ, ಪಕ್ಕದ ಮನೆ ಮದುವೆ ಎಲ್ಲ ಮಾತಾಡಿದೆವು. ಇಡುವ ಮುಂಚೆ ಮತ್ತೆ, ಅದೇ ರಾಗದಲ್ಲಿ, "ಊಟ ಆಯ್ತೇನೋ, ಎಂತ ಅಡಿಗೆ?"

ತೊಂಡೆಕಾಯಿ ಪಲ್ಯ ಎಂದೆ.