ನೀರಿನ ಪಾಠವು ನೆಲದ ಮೇಲಾಗಲಿ

ನಮ್ಮ ಮಕ್ಕಳು ಜಲಚಕ್ರದ ಚಿತ್ರವನ್ನು ಬರೆದು ಅಂಕಗಳನ್ನು ಪಡೆಯುತ್ತಿರುವರು. ಆದರೆ ತಮ್ಮ ಶಾಲೆಯ ಮಾಡಿನ ಮೇಲೆ ಬಿದ್ದ ಮಳೆಯು ಯಾವ ಕಾಲುವೆಯನ್ನು ಹಿಡಿದು ಯಾವ ಕೆರೆಯನ್ನು ಸೇರುವುದೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಬೆಂಗಳೂರು ನಗರವು ಒಂದು ದಿಣ್ಣೆಯ ಮೇಲಿದೆ. ಪಶ್ಚಿಮದ ಇಳಿಜಾರಿನ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಪೂರ್ವದ ನೀರು ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಇಂತಹ ವಿಷಯವನ್ನು ವಿದ್ಯಾರ್ಥಿಯು ಕಾಲುವೆಯ ಜಾಡಿನಲ್ಲಿ ನಡೆದೇ ಅರಿಯಬೇಕೆಂಬುದು ನಮ್ಮ ಮತ.

ಇದನ್ನು ಬೋಧನಾಕ್ರಮದ ಸಣ್ಣ ಚರ್ಚೆಯೆಂದು ಯಾರೂ ಎಣಿಸಬಾರದು. ಅರ್ಕಾವತಿಗೆ 1894 ರಲ್ಲಿ ಹೆಸರುಘಟ್ಟದಲ್ಲಿಯೂ 1933 ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಜಲಾಶಯಗಳನ್ನು ಕಟ್ಟಿ ಬೆಂಗಳೂರಿಗೆ ನೀರು ತರಲಾಯಿತು. ಕಾಲಕ್ರಮದಲ್ಲಿ ಎರಡಕ್ಕೂ ಬರುವ ನೀರು ಕುಗ್ಗಿತು. ಮಳೆ ಕಡಮೆಯಾದುದೇ ಇದಕ್ಕೆ ಕಾರಣವೆಂದು ಊಹಿಸುವುದು ಸುಲಭ. ಆದರೆ 2015 ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಮಳೆಯ ಲೆಕ್ಕದಲ್ಲಿ ನದಿಯನ್ನು ಬತ್ತಿಸುವಂತಹ ಇಳಿತವಿಲ್ಲವೆಂದೂ, ಕೊಳವೆಬಾವಿಗಳಿಂದ ಅಂತರ್ಜಲವು ಬರಿದಾದುದು ಮತ್ತು ನೀಲಗಿರಿ ತೋಪುಗಳು ಹಬ್ಬಿದುದು ಪ್ರಬಲ ಕಾರಣಗಳೆಂದೂ ತೋರಿಸಿತು. ರೋಗದ ನಿದಾನವು ತಪ್ಪಿದರೆ ಔಷಧವೂ ತಪ್ಪುವುದಷ್ಟೆ! ಅಳೆದು ನೋಡಬಲ್ಲ ಪ್ರಜೆಗಳಿಲ್ಲದ ನಾಡಿಗೆ ಮಳೆರಾಯನನ್ನು ದೂರುವುದೊಂದೇ ಉಳಿಯುವ ಕೆಲಸ.

ಅಳೆಯುವುದಕ್ಕೆ ಹೆಚ್ಚು ಹಣವೇನೂ ಬೇಡ. ನೆಟ್ಟಗಿನ ಗೋಡೆಯ ಡಬ್ಬಿಯೊಂದು, ಅಳತೆಯ ಪಟ್ಟಿಯೊಂದು ಇದ್ದರೆ ಮಳೆಮಾಪಕವಾಯಿತು. 1 ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆಯಾದರೆ 1 ಲೀಟರ್ ನೀರು; 100 ಚದರ ಮೀಟರಿನ ಮಾಡಿನ ಮೇಲೆ 20 ಮಿಲಿಮೀಟರ್ ಸುರಿದರೆ 2000 ಲೀಟರ್ ಎಂದು ಹುಡುಗರೇ ಗುಣಿಸಿಕೊಳ್ಳಬಲ್ಲರು. ತಳವಿಲ್ಲದ ಡಬ್ಬಿಯನ್ನು ಹುಲ್ಲುನೆಲದಲ್ಲೊಮ್ಮೆ, ತುಳಿದು ಗಟ್ಟಿಯಾದ ಆಟದ ಬಯಲಿನಲ್ಲೊಮ್ಮೆ ಊರಿ ನೀರು ಇಂಗುವ ಹೊತ್ತನ್ನು ಎಣಿಸಲಿ. ಕಾಲುವೆಯ ಕೆಂಪುನೀರನ್ನು ಗಾಜಿನ ಲೋಟದಲ್ಲಿ ತಿಳಿಯಾಗಲು ಬಿಟ್ಟರೆ, ಕೆರೆಯಲ್ಲಿ ಹೂಳು ತುಂಬುವ ಬಗೆಯು ಕಣ್ಣಿಗೆ ಕಾಣುವುದು.

ಆದರೆ ತಾನೇ ಏರಿಯ ಮೇಲೆ ನಡೆಯದ, ತೂಬು ಕೋಡಿಗಳ ಭೇದವನ್ನು ಕಂಡರಿಯದ ಉಪಾಧ್ಯಾಯನು ಇದನ್ನು ಕಲಿಸುವುದೆಂತು? ಈ ಕೊರತೆಗೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಅವನಿಗೆ ದೊರೆತ ತರಬೇತಿಯೇ ಕೊಠಡಿಯೊಳಗಿನದು. ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳು ಪ್ರತಿಯೊಬ್ಬ ಉಪಾಧ್ಯಾಯನಿಂದಲೂ ಒಂದು ಮಳೆಗಾಲ ಪೂರ್ತಿ ಒಂದು ಕೆರೆಯ ಜಲಾನಯನವನ್ನು ಅಭ್ಯಾಸ ಮಾಡಿಸಲಿ. ಸಣ್ಣ ನೀರಾವರಿ ಇಲಾಖೆಯು ಆಯಾ ಊರಿನ ಕೆರೆಗಳ ನಕ್ಷೆಗಳನ್ನು ಶಾಲೆಗಳಿಗೆ ಒದಗಿಸಲಿ. ಹುಡುಗರು ಬಯಲಿನಲ್ಲಿ ಬರೆದಿಟ್ಟ ಪುಸ್ತಕಕ್ಕೆ ಪರೀಕ್ಷೆಯಲ್ಲಿ ಅಂಕಗಳಿರಲಿ.

ಕೆರೆಯೆಂದರೆ ಅಪಾಯವೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ಎಚ್ಚರವು ಅವಶ್ಯವೇ ಸರಿ. ಆದರೆ ಈ ಅಭ್ಯಾಸಕ್ಕಾಗಿ ಯಾರೂ ಆಳದ ನೀರಿಗೆ ಇಳಿಯಬೇಕಾಗಿಲ್ಲ. ಶಾಲೆಯ ಅಂಗಳ, ಹೊಲದ ಬದು, ಕಾಲುವೆಯ ದಡ ಇವೇ ಸಾಕು.

ಪೂರ್ವಿಕರು ಕಟ್ಟಿದ ಕೆರೆಗಳನ್ನು ಸಭೆಗಳಲ್ಲಿ ಹೊಗಳಿದ ಮಾತ್ರಕ್ಕೆ ಅವು ತುಂಬಲಾರವು. ಕೆರೆಗೆ ನೀರು ಬರುವ ದಾರಿಯನ್ನು ಬಲ್ಲ ಪೀಳಿಗೆಯೊಂದು ಬೆಳೆದರೆ, ಆ ದಾರಿಯನ್ನು ಮುಚ್ಚಹೊರಟವರನ್ನು ತಡೆದು ಪ್ರಶ್ನಿಸುವ ಧೈರ್ಯವೂ ಅದಕ್ಕೆ ಬಂದೀತು. ವಿದ್ಯಾ ಇಲಾಖೆಯು ಮುಂದಿನ ಮುಂಗಾರಿಗೆ ಮೊದಲೇ ಈ ಕಾರ್ಯಕ್ಕೆ ಕೈಹಚ್ಚಲೆಂದು ನಾವು ಆಗ್ರಹಪಡಿಸುತ್ತೇವೆ.