ಪ್ರತಿ ಎತ್ತಿದವರ ಋಣ

ಕನ್ನಡದ ಮೊದಲ ಕವಯಿತ್ರಿ ಯಾರು ಎಂಬ ಪ್ರಶ್ನೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ಉತ್ತರ ಕಂತಿ. ಆಕೆಯ ಊರೆಂದು ಹೇಳುವ ದೋರಸಮುದ್ರ ನಮ್ಮ ಹಾಸನ ಜಿಲ್ಲೆಯ ಹಳೇಬೀಡೇ. ಆದರೆ ಆಕೆಯ ಕಾವ್ಯ ಯಾವುದು ಎಂದು ಮುಂದಿನ ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಅಭಿನವಪಂಪನೆಂದು ಹೆಸರಾದ ನಾಗಚಂದ್ರ ಅರ್ಧ ಪದ್ಯ ಒಡ್ಡಿದ, ಈಕೆ ಅದನ್ನು ತಟ್ಟನೆ ಪೂರ್ತಿ ಮಾಡಿದಳು ಎನ್ನುವ ‘ಕಂತಿ ಹಂಪನ ಸಮಸ್ಯೆಗಳು’ ಎಂಬ ಬಿಡಿಪದ್ಯಗಳಷ್ಟೇ ನಮಗೆ ಸಿಕ್ಕಿರುವುದು. ಸಮಸ್ಯೆ ಒಡ್ಡಿದ ನಾಗಚಂದ್ರನ ಮಲ್ಲಿನಾಥಪುರಾಣವೂ ರಾಮಚಂದ್ರಚರಿತಪುರಾಣವೂ ಇಡಿಯಾಗಿ ಉಳಿದು ಬಂದಿವೆ. ಉತ್ತರ ಹೇಳಿದವಳ ಹೆಸರೂ ಉಳಿದಿಲ್ಲ. ಹೆಸರೂ ಇಲ್ಲ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ಕಂತಿ ಎಂದರೆ ಜೈನ ಸನ್ಯಾಸಿನಿ. ಅದು ಆಕೆ ಹಿಡಿದ ದಾರಿಗೆ ಇದ್ದ ಹೆಸರು, ಹೆತ್ತವರು ಇಟ್ಟ ಹೆಸರಲ್ಲ.

ಕಂತಿ ಇದ್ದಳೇ ಇಲ್ಲವೇ ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಕೆಯ ಕಥೆ ವಿಸ್ತಾರವಾಗಿ ಸಿಗುವುದು ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯಲ್ಲಿ, ಅಂದರೆ ಘಟನೆ ನಡೆಯಿತೆನ್ನುವ ಕಾಲಕ್ಕಿಂತ ಏಳು ನೂರು ವರ್ಷ ಈಚೆಗೆ. ಆ ಕಥೆಯ ಒಂದು ಭಾಗವನ್ನು ಓದುಗರು ಗಮನವಿಟ್ಟು ನೋಡಬೇಕು. ಬುದ್ಧಿ ಚುರುಕಾಗಲೆಂದು ಉಪಾಧ್ಯಾಯನೊಬ್ಬ ಜ್ಯೋತಿಷ್ಮತಿಯ ಎಣ್ಣೆ ಕಾಯಿಸಿ ಇಟ್ಟಿದ್ದನಂತೆ. ಕಂತಿ ತಿಳಿಯದೆ ಅದನ್ನು ಕುಡಿದಳಂತೆ. ಉರಿ ತಾಳಲಾರದೆ ಬಾವಿಗೆ ಹಾರಿದಳಂತೆ, ಮೇಲೆ ಬರುವಾಗ ಕವಿಯಾಗಿದ್ದಳಂತೆ. ಹೆಣ್ಣೊಬ್ಬಳು ಗುರುವಿನ ಮುಂದೆ ಕೂತು, ಛಂದಸ್ಸು ಕಲಿತು, ವರ್ಷಗಟ್ಟಲೆ ತಿದ್ದಿ ತೀಡಿ ಕವಿಯಾದಳು ಎಂದು ಹೇಳಲು ಕಥೆಗಾರರ ಮನಸ್ಸು ಒಪ್ಪಲಿಲ್ಲ. ಔಷಧಿಯ ಪವಾಡವೊಂದು ಬೇಕಾಯಿತು. ಕಂತಿ ಕಲ್ಪನೆಯ ಹೆಣ್ಣೇ ಆಗಿರಲಿ, ಆ ಎಣ್ಣೆಯ ಕಥೆ ಮಾತ್ರ ನಮ್ಮ ಸಮಾಜದ ಬಗ್ಗೆ ನಿಜವನ್ನೇ ಹೇಳುತ್ತದೆ.

ಹೆಂಗಸರಿಗೆ ಗುರುವಿದ್ದರು, ಪಾಠವಿತ್ತು ಎಂಬುದಕ್ಕೆ ಕಥೆಯ ಆಸರೆ ಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದರೆ ಸಾಕು. ಅಲ್ಲಿನ ಬೋಳು ಬಂಡೆಯ ಮೇಲೆ, ನಡೆಯುವ ಕಾಲಿನ ಪಕ್ಕದಲ್ಲೇ, ಸುಮಾರು ಏಳನೆಯ ಎಂಟನೆಯ ಶತಮಾನದ ಅಕ್ಷರಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳಿವೆ. ಅವುಗಳ ನಡುವೆ ನಾಗಮತಿ ಗಂತಿಯರ ಹೆಸರಿದೆ, ಶಶಿಮತಿ ಗಂತಿಯರ ಹೆಸರಿದೆ. ಗಂತಿ ಎಂದರೂ ಕಂತಿಯೇ. ನಾಗಮತಿಯನ್ನು ಮೌನಿಗುರುಗಳ ಶಿಷ್ಯೆ ಎಂದು ಕಲ್ಲು ಗುರುತಿಸುತ್ತದೆ. ಆಕೆ ಯಾರ ಮಗಳು, ಯಾರ ಹೆಂಡತಿ ಎಂಬ ಮಾತನ್ನು ಬಿಟ್ಟು ಯಾರಲ್ಲಿ ಕಲಿತವಳು ಎಂಬುದನ್ನು ಹೇಳುವ ಈ ಒಂದು ಸಾಲಿಗೆ ಬೆಲೆ ಕಟ್ಟಲಾಗದು. ಅದು ಉಳಿದದ್ದು ಕಲ್ಲಿನ ಮೇಲಿದ್ದದ್ದರಿಂದ. ಓಲೆಗರಿಯ ಪಾಡು ಬೇರೆ. ಮಳೆ, ಗೆದ್ದಲು, ಬೆಂಕಿ ಎಲ್ಲಕ್ಕೂ ಅದು ಆಹಾರ. ಒಂದೆರಡು ತಲೆಮಾರಿಗೊಮ್ಮೆ ಯಾರಾದರೂ ಕೂತು ಪ್ರತಿ ಎತ್ತದಿದ್ದರೆ ಎಂಥ ಕಾವ್ಯವಾದರೂ ಅಲ್ಲಿಗೆ ಮುಗಿಯಿತು.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಬರೆದ ಮಾತ್ರಕ್ಕೆ ಬರಹ ಪರಂಪರೆಯಾಗುವುದಿಲ್ಲ. ಪ್ರತಿ ಎತ್ತುವವರು, ಅಚ್ಚು ಹಾಕುವವರು, ಪಾಠ ಹೇಳುವವರು, ಹುಡುಕಿ ಒಟ್ಟುಮಾಡುವವರು, ಇನ್ನೊಂದು ಭಾಷೆಗೆ ದಾಟಿಸುವವರು ಸೇರಿದರೆ ಮಾತ್ರ ಅದು ಮುಂದಿನವರ ಕೈ ಸೇರುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಲ್ಲಿ ಮೊದಲ ಹೆಸರು ಒಬ್ಬ ಹೆಂಗಸಿನದು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅತ್ತಿಮಬ್ಬೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. 993ರಲ್ಲಿ ಅಜಿತಪುರಾಣ ಬರೆದ ರನ್ನನಿಗೆ ಆಶ್ರಯ ಕೊಟ್ಟವಳೂ ಆಕೆಯೇ. ಒಂದೊಂದು ಗರಿಯ ಮೇಲೂ ಕಂಟದಿಂದ ಕೊರೆದು, ಮಸಿ ತುಂಬಿ, ಒರೆಸಿ, ದಾರ ಪೋಣಿಸಿ ಕಟ್ಟುವ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆ ಎಂದು ಲೆಕ್ಕ ಹಾಕಿ. ಒಬ್ಬ ಗಂಡಸಿನ ಕಾವ್ಯಕ್ಕೆ ಒಬ್ಬ ಹೆಂಗಸು ಸಾವಿರ ಪ್ರತಿ ಮಾಡಿಸಿದಳು. ಕಂತಿಗಾಗಿ ಹಾಗೆ ಮಾಡಿದವರು ಒಬ್ಬರೂ ಕಾಣುವುದಿಲ್ಲ.

ಗಟ್ಟಿಯಾದದ್ದು ತಾನಾಗಿಯೇ ಉಳಿಯುತ್ತದೆ, ಜೊಳ್ಳು ಹಾರಿಹೋಗುತ್ತದೆ, ಕಾಲವೇ ಮೊರ ಹಿಡಿದು ಕೇರುತ್ತದೆ ಎನ್ನುವವರಿದ್ದಾರೆ. ನಮ್ಮ ಸಾಹಿತ್ಯ ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಮೊರ ತಾನಾಗಿ ಕೇರುವುದಿಲ್ಲ, ಅದನ್ನು ಹಿಡಿದ ಕೈ ಒಂದಿರುತ್ತದೆ. ಪೊನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಬಂದಿತ್ತು. ಆದರೂ ಅವನ ಕೃತಿಯನ್ನು ಕಾಲದ ಕೈಗೆ ಬಿಟ್ಟು ಸುಮ್ಮನಿರಲು ಅತ್ತಿಮಬ್ಬೆಗೆ ಧೈರ್ಯ ಬರಲಿಲ್ಲ. ಅಂಥ ಕವಿಗೇ ಪ್ರತಿಯ ಆಸರೆ ಬೇಕಾಗಿದ್ದಾಗ, ಮಠದಲ್ಲಿ, ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ ಹುಟ್ಟಿದ ಹೆಂಗಸರ ಮಾತು ಆಸರೆಯಿಲ್ಲದೆ ಉಳಿಯಬೇಕಿತ್ತು ಎನ್ನುವುದು ಯಾವ ನ್ಯಾಯ? ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಗ್ರಹಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆ ಹಾಡುಗಳನ್ನು ಬೀಸುವಾಗ, ನಾಟಿ ಹಾಕುವಾಗ, ಸೋಬಾನೆಗೆ ಕೂತಾಗ ಹಾಡಿ ಕಾಪಾಡಿದ ಹೆಂಗಸರಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ನಾವೆಲ್ಲ ತಲೆ ತಗ್ಗಿಸುತ್ತೇವೆ.

ಈ ಕೊರತೆಯನ್ನು ಕೊರತೆಯೆಂದು ಗುರುತಿಸಿ, ಅದನ್ನು ತುಂಬುವ ಕೆಲಸಕ್ಕೆ ಬದುಕನ್ನು ಕೊಟ್ಟವರು ನಮ್ಮ ಜಿಲ್ಲೆಯಿಂದಲೇ ಬಂದ ವಿಜಯಾ ದಬ್ಬೆ. ಬೇಲೂರು ತಾಲ್ಲೂಕಿನ ದಬ್ಬೆ ಅವರ ಊರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪಾಠ ಹೇಳಿದರು, ‘ಇರುತ್ತವೆ’, ‘ನೀರು ಲೋಹದ ಚಿಂತೆ’ ಎಂಬ ಕವಿತಾ ಸಂಕಲನಗಳನ್ನು ತಂದರು, ಮೈಸೂರಿನಲ್ಲಿ ಸಮತಾ ವೇದಿಕೆ ಕಟ್ಟಿದವರಲ್ಲಿ ಮುಂದಾಗಿದ್ದರು. ಅವರು ಸಂಶೋಧನೆಗೆ ಆರಿಸಿಕೊಂಡ ಕವಿ ನಾಗಚಂದ್ರ. ಕಂತಿಗೆ ಸಮಸ್ಯೆ ಒಡ್ಡಿದನೆನ್ನುವ ಅದೇ ನಾಗಚಂದ್ರ. ಹಳೇಬೀಡಿನ ಪಕ್ಕದ ನೆಲದಿಂದ ಬಂದ ಹೆಣ್ಣುಮಗಳು ಆ ಮಹಾಕವಿಯನ್ನು ಹಳಗನ್ನಡದ ಶಿಸ್ತಿನಲ್ಲೇ ಓದಿ ಪ್ರಬಂಧ ಬರೆದು, ಆಮೇಲೆ ತಿರುಗಿ ಕಂತಿಯ ಕಡೆಯ ಮೌನವನ್ನು ನೋಡಿದರು. ಧಾರವಾಡದ ಶ್ಯಾಮಲಾದೇವಿ ಬೆಳಗಾಂವಕರ ಅವರ ಚದುರಿಹೋಗಿದ್ದ ಬರಹಗಳನ್ನು ಒಟ್ಟುಮಾಡಿ ‘ಶ್ಯಾಮಲಾ ಸಂಚಯ’ವಾಗಿ ಸಂಪಾದಿಸಿದರು. ‘ಹಿತೈಷಿಣಿಯ ಹೆಜ್ಜೆಗಳು’ ಎಂಬ ದಬ್ಬೆಯವರ ಪುಸ್ತಕದ ಹೆಸರು ಕೇಳಿದೊಡನೆ ನಂಜನಗೂಡು ತಿರುಮಲಾಂಬ ನೆನಪಾಗುತ್ತಾರೆ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ 1916ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಶುರುಮಾಡಿ, ತಮ್ಮ ಬರಹಕ್ಕೆ ತಾವೇ ದಾರಿ ಮಾಡಿಕೊಂಡ ತಿರುಮಲಾಂಬ 1982ರವರೆಗೂ ಬದುಕಿದ್ದರು. ಆದರೆ ನಡುವಿನ ದಶಕಗಳಲ್ಲಿ ಸಾಹಿತ್ಯಲೋಕ ಅವರನ್ನು ಮರೆತೇಬಿಟ್ಟಿತ್ತು. ಮತ್ತೆ ಅವರ ಹೆಸರನ್ನು ಓದುಗರ ಮುಂದೆ ತಂದವರಲ್ಲಿ ಬೆಂಗಳೂರಿನ ಚಿ.ನ. ಮಂಗಳಾ ಮುಖ್ಯರು, ಅವರೂ ಕಾಲೇಜಿನ ಅಧ್ಯಾಪಕಿ. ನಮ್ಮ ಹುಡುಗಿಯರು ಕಾಲೇಜಿಗೆ ಹೋದದ್ದರಿಂದ ಬಂದ ಫಲವನ್ನು ಬರೀ ಸಂಬಳದ ಲೆಕ್ಕದಲ್ಲಿ ಎಣಿಸುವವರಿಗೆ ಇದನ್ನು ತೋರಿಸಬೇಕು. ಅಧ್ಯಾಪಕಿಯರ ತಲೆಮಾರೊಂದು ತಯಾರಾದ ಮೇಲೆಯೇ ಬರಹಗಾರ್ತಿಯರ ಹಿಂದಿನ ತಲೆಮಾರು ನಮಗೆ ಮರಳಿ ಸಿಕ್ಕಿತು. ವಿಜಯಾ ದಬ್ಬೆಯವರ ಬರವಣಿಗೆಯನ್ನು ಒಂದು ಅಪಘಾತ ನಡುವೆಯೇ ನಿಲ್ಲಿಸಿತು. ಅಷ್ಟೊಂದು ಹೆಂಗಸರ ನೆನಪನ್ನು ಮರಳಿ ಕೊಟ್ಟ ಅವರಿಗೆ ತಮ್ಮದೇ ನೆನಪು ಕೈಕೊಟ್ಟಿತು. 2018ರಲ್ಲಿ ತೀರಿಕೊಂಡರು.

ಮಹಿಳಾ ಸಾಹಿತ್ಯವೆಂದು ಬೇರೆ ಪಂಕ್ತಿ ಹಾಕುವುದೇ ಅವಮಾನ, ಒಳ್ಳೆಯ ಲೇಖಕಿಯನ್ನು ಬರೀ ಲೇಖಕಿಯರ ನಡುವೆ ಕೂರಿಸಿದರೆ ಆಕೆಯನ್ನು ಚಿಕ್ಕವಳನ್ನಾಗಿ ಮಾಡಿದಂತೆ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹಲವು ಲೇಖಕಿಯರೇ ಇದನ್ನು ಹೇಳಿದ್ದಾರೆ. ಪಠ್ಯದಲ್ಲಿ ಒಂದು ಮೂಲೆಯ ಘಟಕ, ಸಮ್ಮೇಳನದಲ್ಲಿ ಊಟದ ಹೊತ್ತಿಗೆ ಒಂದು ಮಹಿಳಾ ಗೋಷ್ಠಿ ಎಂಬಷ್ಟಕ್ಕೆ ಇದು ಮುಗಿಯುವುದಾದರೆ ಆಕ್ಷೇಪ ಸರಿಯೇ. ಆದರೆ ಪಂಕ್ತಿ ಬೇರೆಯಾದದ್ದು ಹಾಗೆ ಹೆಸರಿಟ್ಟ ದಿನವಲ್ಲ. 1915ರಿಂದ ನಡೆದುಬಂದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು, ಜಯದೇವಿತಾಯಿ ಲಿಗಾಡೆ, ಸಿಕ್ಕಿದ್ದು 1974ರ ಮಂಡ್ಯದಲ್ಲಿ. ಮೊದಲ 87 ಸಮ್ಮೇಳನಗಳಲ್ಲಿ ಮಹಿಳಾ ಅಧ್ಯಕ್ಷರು ನಾಲ್ವರೇ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಲೇಖಕಿಗೆ ಬಂದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಲ್ಲಿ ಪ್ರಶಸ್ತಿ ಶುರುಮಾಡಿದ ಮೇಲೆ ಕನ್ನಡದ ಲೇಖಕಿಯೊಬ್ಬರಿಗೆ, ಗೀತಾ ನಾಗಭೂಷಣ ಅವರಿಗೆ, ಅದು ಸಿಗಲು 2004 ಬರಬೇಕಾಯಿತು. ಬೇರೆಯಾಗಿ ಎಣಿಸಿದ್ದರಿಂದಲೇ ಈ ಲೆಕ್ಕ ನಮ್ಮ ಕಣ್ಣಿಗೆ ಬಿದ್ದದ್ದು. ವಿಜಯಾ ದಬ್ಬೆಯವರ ಮಾರ್ಗವೇ ಇದಕ್ಕೆ ಉತ್ತರ: ನಾಗಚಂದ್ರನನ್ನೂ ಓದಬೇಕು, ಶ್ಯಾಮಲಾದೇವಿಯನ್ನೂ ಹುಡುಕಬೇಕು.

ಈಗ ಬೂಕರ್ ಬಂದಿತಲ್ಲ, ಇನ್ನೇನು ದೂರು ಎಂದು ಕೇಳುವವರಿಗೂ ಒಂದು ಮಾತು. ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಅದು ಕನ್ನಡಕ್ಕೆ ಬಂದ ಮೊದಲ ಬೂಕರ್, ಸಣ್ಣಕಥೆಗಳ ಸಂಕಲನಕ್ಕೆ ಸಂದ ಮೊದಲ ಬೂಕರ್ ಕೂಡ. ಆ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ, ಮೂವತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ಬರೆದವು. ಅವು ಒಂದೇ ರಾತ್ರಿಯಲ್ಲಿ ಲಂಡನ್ ತಲುಪಿದ್ದಲ್ಲ. ಶಿವಮೊಗ್ಗದ ಕನ್ನಡ ಶಾಲೆಯೊಂದು ಎಂಟು ವರ್ಷದ ಹುಡುಗಿಯನ್ನು ಸೇರಿಸಿಕೊಂಡದ್ದು, ‘ಪ್ರಜಾಮತ’ ಮೊದಲ ಕಥೆಯನ್ನು ಅಚ್ಚು ಹಾಕಿದ್ದು, ‘ಲಂಕೇಶ್ ಪತ್ರಿಕೆ’ ವರದಿಗಾರ್ತಿಯಾಗಿ ಜಾಗ ಕೊಟ್ಟದ್ದು, ಬಂಡಾಯ ಸಾಹಿತ್ಯ ಚಳವಳಿಯ ಗೆಳೆಯರ ಚರ್ಚೆ, ‘ಕರಿನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಚಿತ್ರವಾಗಿಸಿದ್ದು, ಕೊನೆಗೆ ಮಡಿಕೇರಿಯ ದೀಪಾ ಭಾಸ್ತಿ ಕನ್ನಡದ ಸೊಗಡನ್ನು ಬಿಡದೆ ಇಂಗ್ಲಿಷಿಗೆ ತಂದದ್ದು, ಇಷ್ಟೂ ಕೈಗಳು ಆ ಹಣತೆಗೆ ಎಣ್ಣೆ ಹೊಯ್ದಿವೆ. ಬರೆದವರ ಎದೆಗಾರಿಕೆ ದೊಡ್ಡದು. ವಕೀಲಿಕೆ ಮಾಡುತ್ತ, ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿಯೂ ಅವರು ಬರೆದರು. ಆದರೆ ಮೇಲೆ ಹೇಳಿದ ಒಂದೊಂದು ಕೊಂಡಿಯನ್ನು ತೆಗೆದು ನೋಡಿ, ಕಥೆ ಎಲ್ಲಿ ನಿಂತುಹೋಗುತ್ತಿತ್ತು ಎಂಬುದು ಗೊತ್ತಾಗುತ್ತದೆ. ಅವರಿಗೆ ಹಿಂದೆಯೇ ಬಂದಿದ್ದ ರಾಜ್ಯ ಸರ್ಕಾರದ ಪ್ರಶಸ್ತಿಯ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ. ಸಾವಿರ ಪ್ರತಿ ಮಾಡಿಸಿದ ಹೆಂಗಸಿನ ಹೆಸರಿನಲ್ಲಿ ಲೇಖಕಿಯರನ್ನು ಗೌರವಿಸುವ ನಾಡು, ಪ್ರತಿ ಎತ್ತುವ ಕೆಲಸವನ್ನೂ ಅಷ್ಟೇ ಗೌರವಿಸಬೇಕಲ್ಲವೇ?

ಪ್ರಶಸ್ತಿ ಬಂದಾಗ ಮೆರವಣಿಗೆ ಮಾಡುವುದು ಸುಲಭ, ಮಾಡಿದ್ದೇವೆ. ಕಷ್ಟವಿರುವುದು ಪ್ರಶಸ್ತಿ ಬರದವರ ಬರಹವನ್ನು ಇಟ್ಟುಕೊಳ್ಳುವುದರಲ್ಲಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ, ತಾಲ್ಲೂಕು ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ, ಗೋಡೆಪತ್ರಿಕೆಗಳಲ್ಲಿ ಬರೆದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಮದುವೆಯಾಗಿ ಹೆಸರು ಬದಲಾಗಿ ಊರು ಬಿಟ್ಟಿರಬೇಕು. ಅವರ ಕವಿತೆಗಳು ರದ್ದಿಗೆ ಹೋಗುವ ಮೊದಲು ಯಾರಾದರೂ ಎತ್ತಿಡಬೇಕು. ರಾಮನಾಥಪುರ, ಕೊಣನೂರು ಕಡೆಯ ಅಜ್ಜಿಯರ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿಯುವ ಮೊಮ್ಮಕ್ಕಳು, ಹಾಡಿನ ಜೊತೆಗೆ ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನೂ ಬರೆದಿಡಬೇಕು. ನಾಗಮತಿಯ ವಿಷಯದಲ್ಲಿ ಬಂಡೆ ಕೆತ್ತಿದವನು ಅಷ್ಟನ್ನು ಮಾಡಿದ್ದಾನೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಅಮ್ಮನದೋ ಅಜ್ಜಿಯದೋ ಸೋದರತ್ತೆಯದೋ ನೋಟುಬುಕ್ಕು ಇದ್ದರೆ ಎಸೆಯಬೇಡಿ. ಒಂದು ಪ್ರತಿ ತೆಗೆದು ನಿಮ್ಮ ಊರಿನ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ನಮಗೆ ಕಳಿಸಿ. ಬರೆದವರ ಸ್ವಂತ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.