ಬಿಚ್ಚಿದ್ದಾಯಿತು, ಜೋಡಿಸುವುದು ಯಾವಾಗ?

ಹಳೆಯ ಮೋಟಾರ್ ಸೈಕಲ್ಲೊಂದನ್ನು ಪೂರ್ತಿ ಬಿಚ್ಚಿಹಾಕಲು ಒಂದು ಶನಿವಾರ, ಒಂದು ಭಾನುವಾರ ಸಾಕು. ಮತ್ತೆ ಜೋಡಿಸಲು? ಇಪ್ಪತ್ತು ವರ್ಷ ತೆಗೆದುಕೊಂಡವರಿದ್ದಾರೆ! ಬ್ರಿಟನ್ನಿನ ಅದೆಷ್ಟೋ ಮನೆಗಳ ಹಿತ್ತಲ ಶೆಡ್ಡುಗಳಲ್ಲಿ ಬಿ.ಎಸ್.ಎ., ಟ್ರಯಂಫ್, ನಾರ್ಟನ್ ಗಾಡಿಗಳು ಬಿಸ್ಕತ್ತಿನ ಡಬ್ಬಗಳೊಳಗೆ ಬಿಡಿಬಿಡಿಯಾಗಿ ಮಲಗಿವೆ. ಬಿಚ್ಚಿದ ಹುಡುಗನ ತಲೆ ಅಷ್ಟರಲ್ಲಿ ನರೆತಿರುತ್ತದೆ.

ಕಾರ್ನ್‌ವಾಲ್ ಸೀಮೆಯ ಬಾಡ್ಮಿನ್ ಮೂರ್‌ನ ಕೊಟ್ಟಿಗೆಯೊಂದರಲ್ಲಿ ಎಂಟು ಬ್ರಫ್ ಸುಪೀರಿಯರ್ ಗಾಡಿಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಧೂಳು ತಿನ್ನುತ್ತಾ ಬಿದ್ದಿದ್ದವು. 2016ರ ಹರಾಜಿನಲ್ಲಿ ಅವುಗಳ ಪೈಕಿ 1938ರ ನಾಲ್ಕು ಸಿಲಿಂಡರಿನ ಗಾಡಿಯೊಂದೇ 3,31,900 ಪೌಂಡಿಗೆ ಹೋಯಿತು. ಇದು ಅಪರೂಪದ ಅದೃಷ್ಟ. ಸಾಮಾನ್ಯ ಗಾಡಿ ಡಬ್ಬದಲ್ಲಿದ್ದಷ್ಟು ದಿನವೂ ತುಕ್ಕು ಹಿಡಿಯುತ್ತದೆ, ಅಷ್ಟೆ.

ಕೆಲಸ ನಿಲ್ಲುವುದಕ್ಕೆ ಹಣವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಚ್ಚುವಾಗ ಯಾವುದರ ಹಿಂದೆ ಯಾವುದಿತ್ತು ಎಂಬ ತಿಳಿವಳಿಕೆ ಕೈಯಲ್ಲೇ ಇರುತ್ತದೆ. ಆರು ತಿಂಗಳು ಕಳೆದರೆ ಅದು ಮಾಯ. ಆಮೇಲೆ ಡಬ್ಬದ ಮುಚ್ಚಳ ತೆಗೆಯಲೂ ಭಯ.

ಬಿ.ಎಸ್.ಎ. ಎಂ20 ಗಾಡಿಯನ್ನೇ ನೋಡಿ. 496 ಸಿ.ಸಿ.ಯ, ಒಂದೇ ಸಿಲಿಂಡರಿನ ಸರಳ ಗಾಡಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆಂದು ಸುಮಾರು 1,26,000 ತಯಾರಾದವು. ಸರಳವೆಂದು ಕೈ ಹಾಕಿದವನಿಗೆ ಮೊದಲ ಪೆಟ್ಟು ಕೊಡುವುದು ನಟ್ಟು ಬೋಲ್ಟು! ನಮ್ಮ 13 ಎಂ.ಎಂ. ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 14 ಹಾಕಿದರೆ ಜಾರಿ ನಟ್ಟಿನ ಮೂಲೆ ಸವೆಯುತ್ತದೆ. ಅಲ್ಲಿರುವುದು ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆಯಿಂದ ಬೆಳೆದುಬಂದ ಪದ್ಧತಿ. ಅದರಲ್ಲಿ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲವಲ್ಲ. ಕಾಲಿಂಚಿನ ಸ್ಪ್ಯಾನರಿನ ಬಾಯಿ ಅಳೆದರೆ 13.3 ಎಂ.ಎಂ. ಇರುತ್ತದೆ. ಇನ್ನೂ ಒಂದು ಮೋಸವಿದೆ. ಕಾಲಿಂಚಿನ ವ್ಹಿಟ್‌ವರ್ತ್ ಬೋಲ್ಟಿಗೂ ಅಮೆರಿಕನ್ ಬೋಲ್ಟಿಗೂ ಇಂಚಿಗೆ ಇಪ್ಪತ್ತೇ ಸುತ್ತು. ಆದರೆ ಸುತ್ತಿನ ಕೋನ ಇಲ್ಲಿ 55 ಡಿಗ್ರಿ, ಅಲ್ಲಿ 60. ಒಂದರಲ್ಲೊಂದು ಸಲೀಸಾಗಿ ಕೂರುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಡಬ್ಬಗಳು ಬೆರಕೆಯಾದರೆ ಗತಿ ಏನು, ನೀವೇ ಊಹಿಸಿ.

ಎರಡನೆಯ ಪೆಟ್ಟು ಮ್ಯಾಗ್ನೆಟೋದ್ದು. ಬ್ಯಾಟರಿಯ ಹಂಗಿಲ್ಲದೆ ಕಿಡಿ ಕೊಡುವ ಸಾಧನ ಇದು. ಪಿ.ಯು.ಸಿ. ಹುಡುಗರು ಫ್ಯಾರಡೆಯ ನಿಯಮವೆಂದು ಬಾಯಿಪಾಠ ಮಾಡುವುದು ಇಲ್ಲಿ ಮುಷ್ಟಿಗಾತ್ರದಲ್ಲಿ ತಿರುಗುತ್ತಿರುತ್ತದೆ. ಒಳಗಿನ ಕಂಡೆನ್ಸರ್ ಮುದಿಯಾಗಿದ್ದರೆ ಗಾಡಿ ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದೊಡನೆ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಅದಕ್ಕೇ ಹೆಚ್ಚಿನವರು ಅದನ್ನು ಮುಟ್ಟದೆ ಮೊದಲು ಟ್ಯಾಂಕಿಗೆ ಬಣ್ಣ ಬಳಿಸುತ್ತಾರೆ. ಟ್ಯಾಂಕು ಫಳಫಳ, ಗಾಡಿ ಮಾತ್ರ ಡಬ್ಬದಲ್ಲೇ!

ನಿಂತುಹೋದ ಕೆಲಸವನ್ನು ಮುಗಿಸಿದವರ ದಾರಿ ಇದರ ತದ್ವಿರುದ್ಧ. ಬಣ್ಣಕ್ಕೆ ಮೊದಲು, ತುಕ್ಕಿದ್ದರೂ ಸರಿ, ಇರುವುದನ್ನೆಲ್ಲ ಒಮ್ಮೆ ಚೌಕಟ್ಟಿಗೆ ಕೂರಿಸಿ ನೋಡುವುದು. ಆಗ ಯಾವುದು ಇಲ್ಲ, ಯಾವುದು ಬೇರೆ ಗಾಡಿಯದು, ಯಾವ ತೂತು ಕೂಡುವುದಿಲ್ಲ ಎಂಬುದೆಲ್ಲ ಬಯಲಾಗುತ್ತದೆ. ಇಪ್ಪತ್ತು ವರ್ಷ ಹೆದರಿಸಿದ ಬೆಟ್ಟ ಒಂದು ಹಾಳೆಯ ಪಟ್ಟಿಗೆ ಇಳಿಯುತ್ತದೆ. ರೆಡ್ಡಿಚ್‌ನಲ್ಲಿ ತಯಾರಾದ ಹಳೆಯ ಬುಲೆಟ್ ಇಟ್ಟುಕೊಂಡವರು ಈ ಪಟ್ಟಿ ಹಿಡಿದು ನಮ್ಮ ಕಡೆಗೇ ನೋಡಬಹುದು. 1955ರಿಂದ ಮದರಾಸಿನಲ್ಲಿ ಅದೇ ವಿನ್ಯಾಸದ ಗಾಡಿ ತಯಾರಾದ್ದರಿಂದ ಎಷ್ಟೋ ಬಿಡಿಭಾಗಗಳು ಅದಕ್ಕೂ ಹೊಂದುತ್ತವೆ.

ತಂದೆತಾಯಿಯರಿಗೊಂದು ಮಾತು. ಮಗನೋ ಮಗಳೋ ಮನೆಯ ಹಳೆಯ ಗಡಿಯಾರವನ್ನೋ ಸ್ಕೂಟರಿನ ಕಾರ್ಬುರೇಟರನ್ನೋ ಬಿಚ್ಚಲು ಕೂತರೆ ಗದರಬೇಡಿ. ನಾಲ್ಕು ಖಾಲಿ ಡಬ್ಬ, ಒಂದಿಷ್ಟು ಚೀಟಿ, ಪೆನ್ಸಿಲು ಕೊಡಿ. ತೆಗೆದ ಕ್ರಮದಲ್ಲೇ ಬರೆದಿಡಲಿ. ಮುಗಿಸುವ ದಿನವನ್ನೂ ಅವರಿಂದಲೇ ಬರೆಸಿ.

ಎಂ20 ಪೂರ್ತಿಯಾಗಿ ಅಂಗಳಕ್ಕೆ ಬಂದ ದಿನವೂ ಆತುರ ಸಲ್ಲದು. ಇದರ ಎಂಜಿನ್ ಎಣ್ಣೆ ಬೇರೆ ಟ್ಯಾಂಕಿನಲ್ಲಿರುತ್ತದೆ. ಪಂಪು ಅದನ್ನು ಎಂಜಿನ್ನಿಗೆ ಕಳಿಸಿ ವಾಪಸು ತರಬೇಕು. ಪೆಟ್ರೋಲು ಬಿಟ್ಟು, ಕಾರ್ಬುರೇಟರ್ ತುಂಬಿಸಿ, ಹ್ಯಾಂಡಲಿನ ಮೇಲಿನ ಸನ್ನೆಯಿಂದ ಕಿಡಿಯ ಕಾಲವನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ಇದನ್ನು ಮರೆತರೆ ಕಿಕ್ಕರು ತಿರುಗಿ ಒದೆಯುತ್ತದೆ, ಕಾಲು ಉಳುಕಿದರೆ ಆಶ್ಚರ್ಯವಿಲ್ಲ. ಆಮೇಲೆ ವಾಲ್ವ್ ಎತ್ತುವ ಸನ್ನೆ ಹಿಡಿದು ಪಿಸ್ಟನ್ನನ್ನು ಮೇಲಿನ ತುದಿಯಿಂದ ತುಸು ದಾಟಿಸಿ, ಸನ್ನೆ ಬಿಟ್ಟು ಒಂದು ಗಟ್ಟಿ ಒದೆತ. ಶಬ್ದ ಕೇಳಿದೊಡನೆ ಕುಣಿಯದೆ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಬೇಕು. ವಾಪಸು ಬರುವ ಕೊಳವೆಯಿಂದ ಎಣ್ಣೆ ಬೀಳುತ್ತಿದೆಯೇ? ಬೀಳದಿದ್ದರೆ ಆ ಕ್ಷಣವೇ ಎಂಜಿನ್ ಆರಿಸಿ. ಬೀಳುತ್ತಿದ್ದರೆ ಮುಚ್ಚಳ ಹಾಕಿ, ಬೀದಿಯ ತುದಿಯವರೆಗೆ ಒಂದು ಸುತ್ತು ಹೋಗಿಬನ್ನಿ.